ಓಡದಿದ್ದರೂ ಉಳಿದ ಚಿತ್ರಗಳು



ಊರಿಗೆ ಒಂದು ಸಿನಿಮಾ ಬಂತು ಎಂದರೆ ನಮ್ಮ ಜನ ಮೊದಲು ಕೇಳುವುದು ಏನು ಎಂದು ನಿಮಗೆಲ್ಲ ಗೊತ್ತು. ಓಡ್ತಾ? ರಾಯದುರ್ಗದ ಬಸ್ ನಿಲ್ದಾಣದಲ್ಲಿ ಕೇಳುವುದೂ ಇದನ್ನೇ, ಮಡಕಶಿರಾದ ಸಂತೆಯಲ್ಲಿ ಕೇಳುವುದೂ ಇದನ್ನೇ. ಓಡ್ತು ಎಂದರೆ ಮಾತು ಬೆಳೆಯುತ್ತದೆ. ಓಡಲಿಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ನಾನು ಆ ನಿಂತುಹೋದ ಮಾತನ್ನು ಮುಂದುವರಿಸಬೇಕು ಎಂದುಕೊಂಡಿದ್ದೇನೆ.

ಓಡದ ಚಿತ್ರಗಳಲ್ಲಿ ನನಗೆ ಬಹಳ ಪ್ರಿಯವಾದವು ಕೆಲವು ಇವೆ. ಗಲ್ಲಾಪೆಟ್ಟಿಗೆ ಅವುಗಳ ಕೈಬಿಟ್ಟಿತು. ಕೆಲವನ್ನು ವಿಮರ್ಶಕರೂ ಕೈಬಿಟ್ಟರು. ನಾನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂದು ಹೇಳುವುದಕ್ಕೇ ಈ ಹೊತ್ತು.

ಸೋತ ಚಿತ್ರವೆಲ್ಲ ಒಳ್ಳೆಯ ಚಿತ್ರ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಚಿತ್ರ ಸೋಲಬೇಕಾಗಿಯೇ ಸೋತಿವೆ. ಆದರೆ ಸೋಲು ಎಂಬ ತೀರ್ಪು ಬರುವುದು ಯಾವಾಗ? ಮೊದಲ ಎರಡು ವಾರದಲ್ಲಿ. ಎಲ್ಲಿ? ದೊಡ್ಡ ಪಟ್ಟಣಗಳಲ್ಲಿ. ಯಾವುದರ ಮೇಲೆ? ಎಷ್ಟು ಟಿಕೆಟ್ ಹರಿಯಿತು ಎಂಬುದರ ಮೇಲೆ. ಅನಂತಪುರ ಸೀಮೆಯ ಕಡಲೆಕಾಯಿ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರುವ ದಿನ ದರ ಬಿದ್ದಿತು ಎಂದರೆ ಕಾಯಿ ಜೊಳ್ಳು ಎಂದಲ್ಲ.

ಈಗ ನಮ್ಮ ಸೀಮೆಯ ಬಗ್ಗೆ ಎರಡು ಮಾತು. ಈ ಕಥೆಗೆ ಅದು ಬೇಕು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದಿನ ಬಳ್ಳಾರಿ ಜಿಲ್ಲೆ ಅದೇ ದಿನ ಒಡೆಯಿತು. ಬಳ್ಳಾರಿಯೂ ಸೇರಿ ಹೆಚ್ಚಿನ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಮಡಕಶಿರಾ ಅದಕ್ಕಿಂತ ಬಹಳ ಹಿಂದಿನಿಂದಲೂ ಅನಂತಪುರದ್ದೇ ತಾಲ್ಲೂಕು. 2022ರಿಂದೀಚೆಗೆ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದಿದೆ. ಆದರೂ ಹಳಬರ ಬಾಯಲ್ಲಿ ಇನ್ನೂ ಅನಂತಪುರವೇ. ಮಡಕಶಿರಾದ ಪಕ್ಕದಲ್ಲಿ ಶಿರಾ, ಪಾವಗಡ, ಮಧುಗಿರಿ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಆ ಸೀಮೆಯಲ್ಲೇ ಇದೆ. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಕಚೇರಿಗೆ ಹೋದರೆ ತೆಲುಗು. ಸಿನಿಮಾಕ್ಕೆ ಹೋದರೆ ಎರಡೂ.

ಚಿತ್ರಗಳು ನಮ್ಮಲ್ಲಿಗೆ ತಡವಾಗಿ ಬರುತ್ತಿದ್ದವು. ಆಗ ಒಂದು ಚಿತ್ರಕ್ಕೆ ಪ್ರಿಂಟುಗಳೇ ಕಡಿಮೆ. ಮೊದಲು ದೊಡ್ಡ ಊರುಗಳು. ಆಮೇಲೆ ಬಳ್ಳಾರಿ, ಅನಂತಪುರ, ಹಿಂದೂಪುರ. ಅಲ್ಲೆಲ್ಲ ಮುಗಿದ ಮೇಲೆ ನಮ್ಮಂಥ ಊರು. ತಗಡಿನ ಡಬ್ಬಗಳಲ್ಲಿ ರೀಲು ಬರುತ್ತಿತ್ತು. ಬರುವ ಹೊತ್ತಿಗೆ ತೆರೆಯ ತುಂಬ ಗೀರು. ನಡುನಡುವೆ ಒಂದೆರಡು ಮಾತು ಹಾರಿಹೋಗಿರುತ್ತಿದ್ದವು. ಸಾಯಂಕಾಲ ಟೆಂಟಿನ ಧ್ವನಿವರ್ಧಕದಲ್ಲಿ ಘಂಟಸಾಲ ಹಾಡಿದ ವೆಂಕಟೇಶ್ವರನ ಸ್ತುತಿ ಕೇಳಿಸಿತು ಎಂದರೆ ಟಿಕೆಟ್ ಕೊಡಲು ಶುರು ಮಾಡಿದರು ಎಂದೇ ಲೆಕ್ಕ. ನೆಲ, ಬೆಂಚು, ಕುರ್ಚಿ. ನೆಲದಲ್ಲಿ ಕೂತವರಿಗೆ ಆ ಚಿತ್ರ ಬೆಂಗಳೂರಿನಲ್ಲಿ ಓಡಿತೋ ಬಿಟ್ಟಿತೋ ಗೊತ್ತಿರುತ್ತಿರಲಿಲ್ಲ. ಪತ್ರಿಕೆಯ ವಿಮರ್ಶೆ ಅವರಿಗೆ ತಲುಪುತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಚೆನ್ನಾಗಿದ್ದರೆ ಚೆನ್ನಾಗಿದೆ, ಅಷ್ಟೆ. ನನ್ನ ರುಚಿ ಬೆಳೆದದ್ದು ಆ ನೆಲದಲ್ಲಿ.

ಹಾಗಾದರೆ ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತೀರ್ಪು ದೊಡ್ಡ ಊರಿನದು. ಚಿತ್ರ ನಮಗೆ ಬಂದದ್ದು ತಡವಾಗಿ, ತೀರ್ಪಿನ ಸುದ್ದಿ ಇಲ್ಲದೆ. ಬಂದದ್ದು ಎರಡು ಭಾಷೆಯಲ್ಲಿ. ಇನ್ನು ಚಿತ್ರಗಳಿಗೆ ಬರೋಣ.

ಮೊದಲನೆಯದು ಹರಿಶ್ಚಂದ್ರ.

1965. ಮದರಾಸಿನ ವಿಜಯಾ ಸಂಸ್ಥೆ ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ತೆಗೆಯಿತು. ಕನ್ನಡದಲ್ಲಿ ರಾಜ್‌ಕುಮಾರ್ ಮತ್ತು ಪಂಡರೀಬಾಯಿ. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ತೆಲುಗಿನಲ್ಲಿ ಎನ್.ಟಿ. ರಾಮರಾವ್ ಮತ್ತು ಎಸ್. ವರಲಕ್ಷ್ಮಿ. ನಿರ್ದೇಶನ ಕೆ.ವಿ. ರೆಡ್ಡಿ. ಎರಡಕ್ಕೂ ಸಂಗೀತ ಪೆಂಡ್ಯಾಲ ನಾಗೇಶ್ವರರಾವ್. ಕನ್ನಡದ ಚಿತ್ರ ಭರ್ಜರಿಯಾಗಿ ಗೆದ್ದಿತು. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಯವರ ರಜತ ಪದಕ ಪಡೆಯಿತು. ಸುಮಾರು 40 ವರ್ಷದ ಮೇಲೆ, 2008ರಲ್ಲಿ, ಅದಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ತೆಲುಗಿನ ಚಿತ್ರ ನೆಲಕಚ್ಚಿತು.

ಕೆ.ವಿ. ರೆಡ್ಡಿ ಯಾರು ಎಂದು ಈ ಜಿಲ್ಲೆಯ ಕೇಳುಗರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ನಮ್ಮ ತಾಡಿಪತ್ರಿಯಲ್ಲಿ ಹುಟ್ಟಿದವರು. 1957ರ ‘ಮಾಯಾಬಜಾರ್’ ತೆಗೆದವರು. ಲಕ್ಷ್ಮಣಕುಮಾರನ ಮದುವೆಯ ಅಡುಗೆಯನ್ನೆಲ್ಲ ಘಟೋತ್ಕಚ ಒಬ್ಬನೇ ಮುಗಿಸುವ ದೃಶ್ಯವನ್ನು ಮರೆತವರು ಈ ಸೀಮೆಯಲ್ಲಿ ಸಿಗುವುದಿಲ್ಲ. ಅಷ್ಟು ದೊಡ್ಡ ನಿರ್ದೇಶಕರು. ಅವರ ಕೈಯಲ್ಲಿ ಹರಿಶ್ಚಂದ್ರ ಸೋತ.

ಯಾಕೆ? ದುಃಖದ ಕಥೆ ಎಂದು ಹೇಳುವವರುಂಟು. ಅದು ಸರಿ ಹೊಂದುವುದಿಲ್ಲ. ಎರಡೇ ವರ್ಷ ಹಿಂದೆ, 1963ರಲ್ಲಿ, ಅದೇ ರಾಮರಾವ್ ಅವರ ‘ಲವಕುಶ’ವನ್ನು ಜನ ಕಣ್ಣೀರು ಹಾಕಿಕೊಂಡೇ ಗೆಲ್ಲಿಸಿದ್ದರು. ನನಗೆ ಕಾಣುವ ಕಾರಣ ಬೇರೆ. ತೆಲುಗರಿಗೆ ಹರಿಶ್ಚಂದ್ರ ಎಂದರೆ ನಾಟಕ. ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ನಾಟಕದ ಪದ್ಯಗಳು ಹಳ್ಳಿಹಳ್ಳಿಯಲ್ಲಿ ಬಾಯಿಪಾಠ. ಅದರಲ್ಲೂ ಸ್ಮಶಾನದ ದೃಶ್ಯ. ನಮ್ಮ ಕಡೆ ಅದಕ್ಕೆ ‘ಕಾಟಿ ಸೀನು’ ಎನ್ನುತ್ತಾರೆ. ಹಳ್ಳಿಗಳಲ್ಲಿ ಇಡೀ ನಾಟಕ ಬಿಟ್ಟು ಕಾಟಿ ಸೀನು ಒಂದನ್ನೇ ಆಡಿಸುವುದುಂಟು. ನಟ ರಾಗ ಎಳೆದಷ್ಟೂ ಜನಕ್ಕೆ ಸಂತೋಷ. ಮತ್ತೆ ಹಾಡು ಎಂದು ಕೂಗಿ ಹೇಳುತ್ತಾರೆ, ಆತ ಮತ್ತೆ ಹಾಡುತ್ತಾನೆ. ಅಂಥ ರುಚಿ ಇಟ್ಟುಕೊಂಡು ಟೆಂಟಿಗೆ ಬಂದವರಿಗೆ ತೆರೆಯ ಮೇಲಿನ ಹರಿಶ್ಚಂದ್ರ ಸಪ್ಪೆ ಎನಿಸಿರಬೇಕು.

ನನಗೆ ಅದೇ ಹಿಡಿಸಿತು. ರಾಮರಾವ್ ಎಂದರೆ ನಮಗೆ ಕಿರೀಟ, ಮುಗುಳ್ನಗೆ, ಕೃಷ್ಣ. ಇಲ್ಲಿ ಕಿರೀಟವಿಲ್ಲ, ನಗೆಯೂ ಇಲ್ಲ. ಕಾಡುಗಡ್ಡದ ಮನುಷ್ಯನೊಬ್ಬ ಹೆಣ ಸುಡುವ ಜಾಗವನ್ನು ಕಾಯುತ್ತಾನೆ. ಅಲ್ಲಿಗೆ ಅವನದೇ ಮಗುವಿನ ಹೆಣ ಬರುತ್ತದೆ. ಸುಡುವ ಸುಂಕ ಕೇಳುವವನು ತಂದೆ. ಸುಂಕ ಕೊಡಲಾರದೆ ನಿಂತವಳು ಆ ಮಗುವಿನ ತಾಯಿ. ಅಲ್ಲಿ ರಾಮರಾವ್ ದನಿ ಏರಿಸುವುದಿಲ್ಲ. ಜನ ಯಾವ ಜಾಗದಲ್ಲಿ ಆರ್ಭಟ ಕೇಳಲು ಕಾದಿದ್ದರೋ ಆ ಜಾಗದಲ್ಲೇ ಅವರು ತಗ್ಗುತ್ತಾರೆ. ಇಂಥ ಸಂಯಮಕ್ಕೆ ಆ ದಿನ ಬೆಲೆ ಬರಲಿಲ್ಲ.

ಕನ್ನಡದ ಹರಿಶ್ಚಂದ್ರನನ್ನೂ ನಾನು ಪ್ರೀತಿಸುತ್ತೇನೆ. ಪ್ರೀತಿಸದೆ ಇರುವುದು ಹೇಗೆ? ರಾಘವಾಂಕನ ಕಾಲದಿಂದ ಕನ್ನಡಿಗನ ಮನೆಯಲ್ಲಿರುವ ಕಥೆ ಅದು. ಕಂಪನಿ ನಾಟಕದಲ್ಲಿ ಪಳಗಿ ಬಂದ ರಾಜ್‌ಕುಮಾರ್. ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್. ಕುಲದ ಮೇಲುಕೀಳನ್ನು ನೇರವಾಗಿ ಪ್ರಶ್ನಿಸುವ ಹಾಡೊಂದು ಅದರಲ್ಲಿದೆ. ಬರೆದವರು ಹುಣಸೂರು ಕೃಷ್ಣಮೂರ್ತಿ. ಹಾಡಿದವರು ಯಾರು ಬಲ್ಲಿರಾ? ತೆಲುಗಿನ ಘಂಟಸಾಲ. ಆ ಹಾಡು ಇವತ್ತಿಗೂ ನಮ್ಮ ಹಬ್ಬಗಳಲ್ಲಿ, ಸಭೆಗಳಲ್ಲಿ ಕೇಳಿಸುತ್ತದೆ.

ಗಡಿಯಲ್ಲಿ ಬದುಕುವ ನಮಗೆ ಒಂದು ಭಾಗ್ಯವಿದೆ. ಗೆದ್ದವನನ್ನೂ ನೋಡಬಹುದು, ಸೋತವನನ್ನೂ ನೋಡಬಹುದು. ಒಂದೇ ಕಥೆ, ಒಂದೇ ಸಂಸ್ಥೆ, ಒಂದೇ ವರ್ಷ, ಒಬ್ಬರೇ ಸಂಗೀತಗಾರರು. ಒಂದಕ್ಕೆ ಪದಕ, ಒಂದಕ್ಕೆ ಮೌನ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನು ಓಡ್ತಾ ಎಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೇಳಲಾರ.

ಹರಿಶ್ಚಂದ್ರನ ಮಾತು ಹೇಳಿದೆ. ಒಂದು ಭಾಷೆಯಲ್ಲಿ ಸೋತದ್ದು ಇನ್ನೊಂದರಲ್ಲಿ ಗೆದ್ದ ಕಥೆ ಅದು. ಈಗ ಹೇಳುವುದು ಒಂದೇ ಭಾಷೆಯಲ್ಲಿ ಮೊದಲು ಸೋತು ಆಮೇಲೆ ಉಳಿದ ಚಿತ್ರ. ಅದನ್ನು ಉಳಿಸಿದ್ದರಲ್ಲಿ ಬಾನುಲಿಯ ಪಾಲು ದೊಡ್ಡದು.

‘ಸಾಕ್ಷಾತ್ಕಾರ’. 1971. ಪುಟ್ಟಣ್ಣ ಕಣಗಾಲ್ ನಿರ್ದೇಶನ, ರಾಜ್‌ಕುಮಾರ್ ನಾಯಕ. ಇಬ್ಬರೂ ಸೇರಿ ಮಾಡಿದ್ದು ಮೂರೇ ಚಿತ್ರ. ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’, ಆಮೇಲೆ ಇದು. ಇದಾದ ಮೇಲೆ ಮತ್ತೆ ಸೇರಲಿಲ್ಲ. ನಾಯಕಿ ಜಮುನಾ. ತೆಲುಗು ಚಿತ್ರರಂಗದ ಸತ್ಯಭಾಮೆ ಎಂದೇ ಜನ ಅವರನ್ನು ಗುರುತಿಸುತ್ತಿದ್ದರು. ಹುಟ್ಟಿದ್ದು ಮಾತ್ರ ಹಂಪಿಯಲ್ಲಿ. ಹಿರಿಯರ ಪಾತ್ರಕ್ಕೆ ಹಿಂದಿಯ ಪೃಥ್ವಿರಾಜ್ ಕಪೂರ್ ಬಂದಿದ್ದರು. ಮರುವರ್ಷವೇ ಅವರು ತೀರಿಕೊಂಡರು. ಸಂಗೀತ ಎಂ. ರಂಗರಾವ್. ಹಾಡು ಬರೆದವರು ಪುಟ್ಟಣ್ಣನವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ.

ಇಷ್ಟೆಲ್ಲ ಇದ್ದೂ ಚಿತ್ರ ಓಡಲಿಲ್ಲ. ಅದೇ ವರ್ಷ ರಾಜ್‌ಕುಮಾರ್ ಅವರ ‘ಕಸ್ತೂರಿ ನಿವಾಸ’ ಬಂದಿತ್ತು. ಜನ ಅದನ್ನು ತಲೆಯ ಮೇಲೆ ಹೊತ್ತಿದ್ದರು. ‘ಸಾಕ್ಷಾತ್ಕಾರ’ದ ನಡಿಗೆ ನಿಧಾನ. ರಾಜ್‌ಕುಮಾರ್ ಇಲ್ಲಿ ಹೊಡೆದಾಡಿ ಗೆಲ್ಲುವ ನಾಯಕನಲ್ಲ. ಪ್ರೀತಿಸುವ, ಕಾಯುವ, ಕಳೆದುಕೊಳ್ಳುವುದಕ್ಕೆ ಹೆದರುವ ಮನುಷ್ಯ. ರಾಜಣ್ಣನನ್ನು ಹಾಗೆ ನೋಡಲು ಆಗಿನ ಪ್ರೇಕ್ಷಕ ಸಿದ್ಧನಿರಲಿಲ್ಲ ಎಂದು ನನ್ನ ಎಣಿಕೆ.

ಆದರೆ ಹಾಡು ಇತ್ತಲ್ಲ. ಚಿತ್ರದ ಹೆಸರನ್ನೇ ಹೊತ್ತ ಆ ಹಾಡು. ಪಿ. ಸುಶೀಲಾ ಮತ್ತು ಪಿ.ಬಿ. ಶ್ರೀನಿವಾಸ್ ಅವರ ಕಂಠ. ಚಿತ್ರಮಂದಿರದಿಂದ ಡಬ್ಬ ಎತ್ತಿಕೊಂಡು ಹೋದ ಮೇಲೂ ಆ ಹಾಡು ಹೋಗಲಿಲ್ಲ. ಕೋರಿಕೆಯ ಕಾರ್ಯಕ್ರಮಗಳಲ್ಲಿ ಬಂತು. ಮತ್ತೆ ಬಂತು. ರಾಯದುರ್ಗದ ಬಟ್ಟೆ ಹೊಲಿಯುವ ಮನೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಯಂತ್ರದ ಸದ್ದಿನ ಜೊತೆ ಒಂದು ರೇಡಿಯೋ ಸದ್ದು ಇರಲೇಬೇಕು. ಹೊಲಿಗೆಯ ಮೇಲೆ ಕಣ್ಣು, ಹಾಡಿನ ಮೇಲೆ ಕಿವಿ. ಚಿತ್ರವನ್ನೇ ನೋಡದ ಸಾವಿರಾರು ಮಂದಿಗೆ ಅದರ ಹಾಡು ಬಾಯಿಪಾಠವಾಯಿತು. ಮದುವೆ ಮನೆಗಳ ವಾದ್ಯಗೋಷ್ಠಿಯಲ್ಲಿ ಅದಿಲ್ಲದೆ ನಡೆಯದು ಎಂಬ ಹಾಗಾಯಿತು. ಆಮೇಲೆ ಅವರೆಲ್ಲ ಚಿತ್ರವನ್ನು ಹುಡುಕಿಕೊಂಡು ಹೋದರು.

ಒಂದು ವಿಷಯ ಗಮನಿಸಿ. ಆ ಹಾಡು ಚಿತ್ರದಲ್ಲಿ ಒಂದು ಸಲ ಬಂದು ಹೋಗುವುದಿಲ್ಲ. ಸಂತೋಷದಲ್ಲಿ ಬರುತ್ತದೆ, ದುಃಖದಲ್ಲೂ ಬರುತ್ತದೆ. ಪದ ಅದೇ, ಭಾರ ಬೇರೆ. ರೇಡಿಯೋದಲ್ಲಿ ಸಂತೋಷದ ಹಾಡೆಂದು ಕೇಳಿ ಬೆಳೆದವರು ಚಿತ್ರದಲ್ಲಿ ಅದನ್ನೇ ಇನ್ನೊಂದು ಜಾಗದಲ್ಲಿ ಕೇಳಿದಾಗ ಬೆಚ್ಚುತ್ತಾರೆ. ಪುಟ್ಟಣ್ಣ ಕಟ್ಟಿದ್ದು ಇದನ್ನು. ಇದು ಒಂದೇ ನೋಟಕ್ಕೆ ದಕ್ಕುವ ಕಟ್ಟಡವಲ್ಲ. ಎರಡು ವಾರದ ಗಲ್ಲಾಪೆಟ್ಟಿಗೆಗೆ ಅದು ದಕ್ಕದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ತೆಲುಗಿನ ಹರಿಶ್ಚಂದ್ರ, ಕನ್ನಡದ ‘ಸಾಕ್ಷಾತ್ಕಾರ’. ಇವೆರಡರ ಮಾತಾಯಿತು. ಈಗ ಸ್ವಲ್ಪ ದೂರ, ಮುಂಬಯಿಗೆ ಹೋಗೋಣ. ಹೋದರೂ ನಮ್ಮವರನ್ನೇ ನೋಡಲಿಕ್ಕೆ.

1959ರಲ್ಲಿ ಗುರುದತ್ ‘ಕಾಗಜ್ ಕೆ ಫೂಲ್’ ತೆಗೆದರು. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಆ ಚಿತ್ರದ ಛಾಯಾಗ್ರಾಹಕರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಹೋದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಒಬ್ಬ ಚಿತ್ರ ನಿರ್ದೇಶಕ ಏರಿ ಇಳಿದ ಕಥೆ. ಜನ ತಿರಸ್ಕರಿಸಿದರು. ಆ ಪೆಟ್ಟಿನ ಮೇಲೆ ಗುರುದತ್ ನಿರ್ದೇಶಕ ಎಂದು ತಮ್ಮ ಹೆಸರನ್ನು ಮತ್ತೆ ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಐದು ವರ್ಷದಲ್ಲಿ ತೀರಿಕೊಂಡರು. ಅವರಿಗಿನ್ನೂ 40 ತುಂಬಿರಲಿಲ್ಲ.

ಅದರ ಒಂದು ದೃಶ್ಯವನ್ನು ನಿಮಗೆ ಹೇಳಬೇಕು. ಖಾಲಿ ಸ್ಟುಡಿಯೋ. ಎತ್ತರದ ಗೋಡೆಗಳು, ಒಳಗೆಲ್ಲ ಕತ್ತಲು. ಆ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದರಲ್ಲಿ ಧೂಳಿನ ಕಣಗಳು ತೇಲುತ್ತಿವೆ. ಅದರ ಎರಡು ಬದಿಗೆ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಹತ್ತಿರ ಬರಬೇಕು, ಬರಲಾರರು. ಮಾತಿಲ್ಲ, ಹಾಡು ಮಾತ್ರ.

ಆ ಬೆಳಕು ಎಲ್ಲಿಂದ ಬಂತು ಗೊತ್ತೇ? ಸ್ಟುಡಿಯೋ ದೀಪದಿಂದ ಅಂಥ ಕೋಲು ಬರುವುದಿಲ್ಲ. ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನ ಬೆಳಕು ಹರಡದೆ ನೇರ ಬರುತ್ತದೆ. ಹಾಗಾಗಿ ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ದೊಡ್ಡ ಕನ್ನಡಿ ಇಡಿಸಿದರು. ಅದು ಹಾಯಿಸಿದ ಬಿಸಿಲನ್ನು ಇನ್ನೊಂದು ಕನ್ನಡಿಯಲ್ಲಿ ಹಿಡಿದು ಒಳಗಿನ ಕತ್ತಲಿಗೆ ಇಳಿಸಿದರು. ಎರಡು ಕನ್ನಡಿ, ಒಂದು ಸೂರ್ಯ. ಅಷ್ಟೇ ಸಾಮಾನು. ಇವತ್ತು ಕ್ಯಾಮೆರಾ ಕಲಿಯುವ ಹುಡುಗರಿಗೆ ಆ ದೃಶ್ಯ ಪಾಠ. ವಿ.ಕೆ. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಗೆದ್ದ ಚಿತ್ರಗಳನ್ನೂ ಅವರು ಬೇಕಾದಷ್ಟು ಮಾಡಿದ್ದರು. ಜನ ಇಂದಿಗೂ ಅವರನ್ನು ನೆನೆಯುವುದು ಮೊದಲು ಈ ಸೋತ ಚಿತ್ರಕ್ಕೆ.

ನಾನು ಇದನ್ನು ನೋಡಿದ್ದು ದೂರದರ್ಶನದಲ್ಲಿ. ಸಿನಿಮಾಸ್ಕೋಪ್‌ನ ಅಗಲವೆಲ್ಲ ಹೋಗಿ ಸಣ್ಣ ಪೆಟ್ಟಿಗೆಯಲ್ಲಿ ಕಪ್ಪುಬಿಳುಪು ಚೌಕ. ಆದರೂ ಆ ಬೆಳಕು ಇಳಿದಾಗ ಕೋಣೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು.

ಈವರೆಗೆ ಹೇಳಿದ ಮೂರೂ ಚಿತ್ರಗಳನ್ನು ಕಾಲ ಎತ್ತಿ ಹಿಡಿದಿದೆ. ತೆಲುಗಿನ ಹರಿಶ್ಚಂದ್ರನ ಬಗ್ಗೆಯೂ ಈಗ ಜನ ಗೌರವದಿಂದ ಮಾತಾಡುತ್ತಾರೆ. ಹಾಗಾಗಿ ಇವನ್ನು ಪ್ರೀತಿಸುತ್ತೇನೆ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಇನ್ನು ಹೇಳುವ ಚಿತ್ರಕ್ಕೆ ಜಗಳ ಬರುತ್ತದೆ.

‘ಶಾಂತಿ ಕ್ರಾಂತಿ’. 1991.

ರವಿಚಂದ್ರನ್ ಅವರ ‘ಪ್ರೇಮಲೋಕ’ ಮತ್ತು ‘ರಣಧೀರ’ ಆಗಷ್ಟೇ ನಾಡನ್ನೆಲ್ಲ ಕುಣಿಸಿದ್ದವು. ಅವರು ಒಂದು ದೊಡ್ಡ ಕನಸು ಕಂಡರು. ಒಂದೇ ಚಿತ್ರವನ್ನು ನಾಲ್ಕು ಭಾಷೆಗಳಲ್ಲಿ ತೆಗೆಯುವುದು. ಡಬ್ ಮಾಡುವುದಲ್ಲ, ಬೇರೆಬೇರೆಯಾಗಿ ಚಿತ್ರಿಸುವುದು. ಕನ್ನಡಕ್ಕೆ ತಾವೇ ನಾಯಕ. ತೆಲುಗಿಗೆ ನಾಗಾರ್ಜುನ. ತಮಿಳು ಮತ್ತು ಹಿಂದಿಗೆ ರಜನಿಕಾಂತ್. ನಾಯಕಿಯರು ಜೂಹಿ ಚಾವ್ಲಾ, ಖುಷ್ಬೂ. ಎದುರಾಳಿ ಅನಂತನಾಗ್. ಸಂಗೀತ ಹಂಸಲೇಖ. ಖರ್ಚು ಸುಮಾರು 10 ಕೋಟಿ ರೂಪಾಯಿ ಎಂದು ಆಗ ಮಾತಾಗಿತ್ತು. 1991ರ 10 ಕೋಟಿ. ಯೋಚನೆ ಮಾಡಿ.

ಚಿತ್ರ ಬಿತ್ತು. ಒಂದು ಭಾಷೆಯಲ್ಲಿ ಬಿದ್ದದ್ದಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ನೆಲಕಚ್ಚಿತು. ರವಿಚಂದ್ರನ್ ದೊಡ್ಡ ಸಾಲಕ್ಕೆ ಸಿಕ್ಕಿಕೊಂಡರು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಚಿತ್ರರಂಗದಲ್ಲಿ ಇಂದಿಗೂ ದುಡ್ಡು ಸುರಿದು ಕೈಸುಟ್ಟುಕೊಂಡವರ ಮಾತು ಬಂದರೆ ‘ಶಾಂತಿ ಕ್ರಾಂತಿ’ಯ ಹೆಸರು ಮೊದಲು ಬರುತ್ತದೆ.

ಚಿತ್ರದ ದೋಷಗಳು ನನಗೆ ಕಾಣುವುದಿಲ್ಲ ಎಂದಲ್ಲ. ಉದ್ದ ಜಾಸ್ತಿ. ಕಥೆ ನಡುವೆ ದಾರಿ ತಪ್ಪುತ್ತದೆ. ಹೊಡೆದಾಟ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ. ವಿಮರ್ಶಕರು ಇದನ್ನೆಲ್ಲ ಹೇಳಿದರೆ ತಪ್ಪಿಲ್ಲ. ಆದರೂ ಈ ಚಿತ್ರ ನನ್ನದು.

ಮೊದಲ ಕಾರಣ, ಅದರ ವಸ್ತು. ಮಕ್ಕಳನ್ನು ಕದ್ದು ಅವರ ಅಂಗಾಂಗ ಮಾರುವ ಜಾಲದ ಕಥೆ ಅದು. ಹಾಡು, ಕುಣಿತ, ಪ್ರೇಮದ ಚಿತ್ರಗಳಿಂದ ಹೆಸರು ಮಾಡಿದವರು ಇಂಥ ವಸ್ತುವಿಗೆ ಕೈಹಾಕಿದರು. ಗೆದ್ದ ದಾರಿಯಲ್ಲೇ ಇನ್ನೊಂದು ‘ಪ್ರೇಮಲೋಕ’ ತೆಗೆಯಬಹುದಿತ್ತು. ತೆಗೆಯಲಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಪಣಕ್ಕಿಟ್ಟು ತಾನು ನಂಬಿದ್ದನ್ನು ತೆಗೆದವನ ಚಿತ್ರಕ್ಕೆ ನನ್ನಲ್ಲಿ ಯಾವಾಗಲೂ ಜಾಗವಿದೆ.

ಎರಡನೆಯದು ಅದರ ಹಾಡು. ನಡುರಾತ್ರಿಯ ಹೆದ್ದಾರಿಯನ್ನು ನೆನೆಸುವ ಆ ಹಾಡು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠ. ಬಳ್ಳಾರಿಯಿಂದ ಕೊನೆಯ ಬಸ್ಸಿಗೆ ರಾಯದುರ್ಗಕ್ಕೆ ಬಂದವರನ್ನು ಕೇಳಿ. ಡ್ರೈವರ್ ಈ ಕ್ಯಾಸೆಟ್ ಹಾಕದ ರಾತ್ರಿ ಕಡಿಮೆ.

ಮೂರನೆಯದು ನಮ್ಮ ಗಡಿಗೆ ಸಂಬಂಧಪಟ್ಟದ್ದು. ನಾವು ಈ ಚಿತ್ರವನ್ನು ಎರಡು ಸಲ, ಎರಡು ಭಾಷೆಯಲ್ಲಿ ನೋಡಿದೆವು. ಅದೇ ಜೂಹಿ, ಅದೇ ಖುಷ್ಬೂ, ಅದೇ ಅನಂತನಾಗ್. ನಾಯಕ ಮಾತ್ರ ಬೇರೆ. ಅವನ ಜಾಗದಲ್ಲಿ ಇವನು ನಿಂತರೆ ದೃಶ್ಯ ಹೇಗೆ ಬದಲಾಗುತ್ತದೆ ಎಂದು ನಮ್ಮ ಓರಗೆಯ ಹುಡುಗರು ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ನಮ್ಮ ರವಿಯಣ್ಣನ ಆವೇಶ ಹೆಚ್ಚೋ, ನಾಗಾರ್ಜುನನ ನಡಿಗೆ ಹೆಚ್ಚೋ. ನಟನೆಯನ್ನು ಹೋಲಿಸಿ ನೋಡುವುದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ಈ ಸೋತ ಚಿತ್ರದಿಂದ.

ಇವತ್ತು ಒಂದು ಚಿತ್ರ ಐದು ಭಾಷೆಯಲ್ಲಿ ಒಂದೇ ದಿನ ಬರುವುದು ಸಾಮಾನ್ಯವಾಗಿದೆ. 2018ರಲ್ಲಿ ಕನ್ನಡದ ‘ಕೆ.ಜಿ.ಎಫ್.’ ಹಾಗೆ ಬಂದು ಗೆದ್ದಿತು. ನಾಡಿಗೆಲ್ಲ ಹೆಮ್ಮೆಯಾಯಿತು. ಅದಕ್ಕೂ ಸುಮಾರು 27 ವರ್ಷ ಮೊದಲೇ ಒಬ್ಬ ಕನ್ನಡಿಗ ಆ ದಾರಿ ತುಳಿದಿದ್ದ. ಆಗ ಆ ದಾರಿಯಲ್ಲಿ ರಸ್ತೆಯೇ ಇರಲಿಲ್ಲ.

ಕೇಳುಗರೇ, ಮೂರು ಹಳೆಯ ಚಿತ್ರ, ಒಂದು ಜಗಳದ ಚಿತ್ರ ಹೇಳಿಯಾಯಿತು. ಹೊಸ ಕಾಲದವು ಎರಡನ್ನು ಬೇಗ ಹೇಳಿಬಿಡುತ್ತೇನೆ.

2014ರಲ್ಲಿ ರಕ್ಷಿತ್ ಶೆಟ್ಟಿ ‘ಉಳಿದವರು ಕಂಡಂತೆ’ ತೆಗೆದರು. ಮಲ್ಪೆಯ ಬಂದರು, ಅಷ್ಟಮಿಯ ಹುಲಿವೇಷ, ಒಂದು ಕೊಲೆ. ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ ಚಿತ್ರ. ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿದಿದ್ದರು. ಅರ್ಥವಾಗಲಿಲ್ಲ ಎಂದರು ಜನ.  ಚಿತ್ರಮಂದಿರಗಳಿಂದ ಬೇಗ ತೆಗೆದುಹಾಕಿದರು. ಆಮೇಲೆ ಹುಡುಗರು ಅದನ್ನು ಮೊಬೈಲಿನಲ್ಲಿ, ಟಿವಿಯಲ್ಲಿ ಹುಡುಕಿ ನೋಡಿದರು. ಈಗ ಅದರ ಮಾತುಗಳು ಅವರ ನಾಲಿಗೆಯ ಮೇಲಿವೆ. ನನಗೆ ಅದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿನ ಜನ ತಮ್ಮ ಊರಿನ ಕನ್ನಡವನ್ನೇ ಆಡುತ್ತಾರೆ. ಬೆಂಗಳೂರಿಗಾಗಿ ತಿದ್ದಿಕೊಂಡ ಕನ್ನಡ ಅಲ್ಲ. ತೆಲುಗಿನ ರಾಗ ಬೆರೆತ ನಮ್ಮ ರಾಯದುರ್ಗದ ಕನ್ನಡ, ಮಡಕಶಿರಾದ ಕನ್ನಡ ಹಾಗೆ ತೆರೆಯ ತುಂಬ ಕೇಳಿಸಿದ್ದನ್ನು ನಾನು ಇನ್ನೂ ಕಂಡಿಲ್ಲ. ಕಾಣಬೇಕೆಂಬ ಆಸೆ ಬಹಳ ಇದೆ. ಅದು ಓಡದಿದ್ದರೂ ಚಿಂತೆಯಿಲ್ಲ.

ಇನ್ನೊಂದು ತೆಲುಗಿನ ‘ಖಲೇಜಾ’. 2010. ಮಹೇಶ್ ಬಾಬು, ಕರಾವಳಿಯ ಮನೆತನದ ಅನುಷ್ಕಾ ಶೆಟ್ಟಿ. ನಿರ್ದೇಶನ ತ್ರಿವಿಕ್ರಮ್. ಬಂದಾಗ ಮಕಾಡೆ ಮಲಗಿತು. ಟಿವಿಯಲ್ಲಿ ಬರುತ್ತಾ ಬರುತ್ತಾ ಮನೆಮನೆಯ ಚಿತ್ರವಾಯಿತು. 2025ರ ಮೇ ತಿಂಗಳಲ್ಲಿ ಮತ್ತೆ ಬಿಡುಗಡೆ ಮಾಡಿದರು. ಟಿಕೆಟ್‌ಗಾಗಿ ನೂಕುನುಗ್ಗಲು. ಸುಮಾರು 15 ವರ್ಷದ ಹಿಂದೆ ಅದನ್ನು ಬೇಡ ಎಂದ ಊರುಗಳಲ್ಲೇ.

ಈಗ ಕೊನೆಯ ವಿಷಯ. ಇದುವರೆಗೆ ಚಿತ್ರ ಹೇಗೆ ಸೋತಿತು, ಹೇಗೆ ಉಳಿಯಿತು ಎಂದು ಹೇಳಿದೆ. ಉಳಿಯದೆ ಹೋದವು ಎಷ್ಟು ಎಂಬುದನ್ನೂ ಯೋಚಿಸಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. 1934. ಆರ್. ನಾಗೇಂದ್ರರಾವ್ ಮತ್ತು ಸುಬ್ಬಯ್ಯ ನಾಯ್ಡು ನಟಿಸಿದ್ದು. ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದ ಚಿತ್ರ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಜನ ಮೆಚ್ಚಿದ ಚಿತ್ರದ ಗತಿಯೇ ಹೀಗಾದರೆ ಸೋತ ಚಿತ್ರವನ್ನು ಕೇಳುವವರು ಯಾರು? ಹಳೆಯ ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಓಡದ ಚಿತ್ರದ ರೀಲನ್ನು ಆ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಗೋದಾಮಿನ ಸೆಕೆಯಲ್ಲಿ ಅಂಟಿಕೊಂಡು ಹಾಳಾದದ್ದೂ ಉಂಟು. ಆ ಚಿತ್ರಗಳು ಈಗ ಇರುವುದು ನೋಡಿದವರ ನೆನಪಿನಲ್ಲಿ ಮಾತ್ರ.

ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ರಾಯದುರ್ಗದವರೇ, ಮಡಕಶಿರಾದವರೇ, ಗಡಿಯ ಆಚೆ ಮೊಳಕಾಲ್ಮೂರು, ಪಾವಗಡ, ಶಿರಾದಲ್ಲಿ ಕೇಳುತ್ತಿರುವವರೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರನ್ನು ಕೇಳಿ. ಅಜ್ಜಿಯನ್ನು ಕೇಳಿ, ಮಾವನನ್ನು ಕೇಳಿ. ಯಾರೂ ಮೆಚ್ಚದಿದ್ದರೂ ನಿನಗೆ ಇಷ್ಟವಾದ ಸಿನಿಮಾ ಯಾವುದು ಎಂದು. ಚಿತ್ರದ ಹೆಸರು, ನೋಡಿದ ಟಾಕೀಸು, ಜೊತೆಗಿದ್ದವರು, ನೆನಪಿರುವ ಒಂದು ದೃಶ್ಯ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಆಕಾಶವಾಣಿಗೆ ಕಳಿಸಿ. ಕನ್ನಡದಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ. ವಯಸ್ಸಾದವರ ಕಾರ್ಡು ಮೊದಲು ಬರಲಿ.